ಪುಕ್ಕಟೆ ಪಯಣ, ಮೇಲೊಂದು ಕೊಡೆ

ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಹಡಗು ಹತ್ತಿದವರ ಕೈಗೆ ಒಂದು ಕೊಡೆಯನ್ನೂ ಕೊಡಲಾಗುತ್ತದೆ!

ಇದು ಯಾವುದೋ ಮಠವೋ ಛತ್ರವೋ ಬಡ ಯಾತ್ರಿಕರಿಗೆ ಮಾಡಿದ ಏರ್ಪಾಟಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಆಗಿನ ಮದರಾಸು ಪ್ರಾಂತ್ಯದ ತೂತ್ತುಕುಡಿ ಬಂದರಿನಿಂದ ಸಿಲೋನಿನ ಕೊಲಂಬೊಗೆ ಹೋಗುವ ಜನರ ಮುಂದೆ ಒಂದು ದೈತ್ಯ ಹಡಗು ಕಂಪೆನಿ ಇಟ್ಟ ಆಮಿಷ. ಲಾಭಕ್ಕೆಂದೇ ಹುಟ್ಟಿದ ಕಂಪೆನಿ ಇದ್ದಕ್ಕಿದ್ದಂತೆ ದಾನಶೂರ ಕರ್ಣನಾದದ್ದಕ್ಕೆ ಕಾರಣವಿತ್ತು. ಅದೇ ದಾರಿಯಲ್ಲಿ ಇನ್ನೊಂದು ಹಡಗು ಓಡತೊಡಗಿತ್ತು. ಅದು ಭಾರತೀಯರು ತಮ್ಮ ತಮ್ಮಲ್ಲೇ ಷೇರು ಎತ್ತಿ ಕೊಂಡ ಹಡಗು. ಅದನ್ನು ಖಾಲಿ ಕಳುಹಿಸಬೇಕಾಗಿತ್ತು.

ಪುಕ್ಕಟೆ ಸಿಕ್ಕ ಆ ಟಿಕೆಟ್ಟಿನ ನಿಜವಾದ ಬೆಲೆ ಎಷ್ಟು, ಅದನ್ನು ಕೊನೆಗೆ ತೆತ್ತವರು ಯಾರು ಎಂಬ ಪ್ರಶ್ನೆ ನಮ್ಮ ಕರಾವಳಿಯ ಹಡಗುಗಳ ಇತಿಹಾಸದ ಉದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

ರಸ್ತೆಯಿಲ್ಲದ ಕಾಲದ ಹೆದ್ದಾರಿ

ಇಂದು ಮಂಗಳೂರಿನಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುವವರು ಸೇತುವೆಯ ಮೇಲೆ ಸೇತುವೆ ದಾಟುತ್ತಾರೆ. ಆ ಸೇತುವೆಗಳನ್ನೆಲ್ಲ ಮನಸ್ಸಿನಲ್ಲೇ ತೆಗೆದುಹಾಕಿದರೆ ನೂರು ವರ್ಷದ ಹಿಂದಿನ ಕರಾವಳಿ ಕಣ್ಣಿಗೆ ಬರುತ್ತದೆ. ಮೂಲ್ಕಿ, ಉದ್ಯಾವರ, ಗಂಗೊಳ್ಳಿ, ಹೊನ್ನಾವರದ ಶರಾವತಿ, ಅಘನಾಶಿನಿ, ಗಂಗಾವಳಿ ಎಂದು ಪ್ರತಿ ಕೆಲವು ಹರಿದಾರಿಗೊಂದು ಹೊಳೆ. ಪ್ರತಿ ಹೊಳೆಗೂ ಒಂದು ಕಡವು, ಪ್ರತಿ ಕಡವಿನಲ್ಲೂ ದೋಣಿಗೆ ಕಾಯುವ ಕೆಲಸ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದ ಕಡೆಯಿಂದ. ಮಂಗಳೂರನ್ನು ಕಾರವಾರ, ಗೋವೆಗಳ ಮೂಲಕ ಮುಂಬಯಿಗೆ ಜೋಡಿಸುವ ಕೊಂಕಣ ರೈಲು ಪೂರ್ತಿಯಾಗಿ ತೆರೆಯಲು 1998ರವರೆಗೆ ಕಾಯಬೇಕಾಯಿತು.

ಹೀಗಾಗಿ ಕರಾವಳಿಯ ಜನರಿಗೆ ಸಮುದ್ರವೇ ಹೆದ್ದಾರಿ. ಮಂಜಿ, ಪತ್ತೇಮಾರಿಗಳಂಥ ಹಾಯಿ ಹಡಗುಗಳು ಶತಮಾನಗಳಿಂದ ಈ ದಾರಿಯಲ್ಲಿ ಓಡಾಡಿದ್ದವು. ಆದರೆ ಅವು ಗಾಳಿಯ ಮರ್ಜಿಗೆ ಬಿದ್ದ ವಾಹನಗಳು. ಗಾಳಿ ಬಿದ್ದರೆ ಹಡಗು ನಿಂತಲ್ಲೇ ನಿಂತಿತು; ಇಂಥ ದಿನ ಮುಂಬಯಿ ಮುಟ್ಟುತ್ತೇನೆ ಎಂದು ಯಾರೂ ಹೇಳುವಂತಿರಲಿಲ್ಲ. ಉಗಿಯಂತ್ರದ ಹಡಗು ತಂದ ದೊಡ್ಡ ಬದಲಾವಣೆ ವೇಗಕ್ಕಿಂತ ಹೆಚ್ಚಾಗಿ ವೇಳಾಪಟ್ಟಿ. ಜನ ಅದನ್ನು ಆಗಬೋಟು ಎಂದು ಕರೆದರು. 'ಆಗ್' ಎಂದರೆ ಬೆಂಕಿ. ಬೆಂಕಿಯಿಂದ ನಡೆಯುವ ಬೋಟು ಆಗಬೋಟು. ಮುಂಬಯಿಯಿಂದ ಹೊರಟು ಕೊಂಕಣದ ಬಂದರುಗಳನ್ನು ಒಂದೊಂದಾಗಿ ಮುಟ್ಟುತ್ತ ಕೆಳಗಿಳಿಯುವ ಆಗಬೋಟುಗಳು ಕನ್ನಡ ಕರಾವಳಿಗೂ ಬರುತ್ತಿದ್ದವು. ಮಳೆಗಾಲ ಶುರುವಾದರೆ ತೆರೆದ ಸಮುದ್ರದ ಪಯಣಕ್ಕೆ ಬೀಗ. ಮತ್ತೆ ಹೊರಡುವುದು ಸಮುದ್ರ ತಣ್ಣಗಾದ ಮೇಲೆ.

ಈ ದಾರಿಯ ಒಬ್ಬ ಪ್ರಸಿದ್ಧ ಪ್ರಯಾಣಿಕರು ರವೀಂದ್ರನಾಥ ಠಾಕೂರರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರರು ಅಲ್ಲಿಗೆ ಬಂದು ಕೆಲಕಾಲ ಇದ್ದರು. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದದ್ದು ಅಲ್ಲಿಯೇ. ಅದರ ಕೆಲವು ಹಾಡುಗಳನ್ನು ಕಾರವಾರದಿಂದ ಹಿಂತಿರುಗುವಾಗ ಹಡಗಿನ ಡೆಕ್ಕಿನ ಮೇಲೆ ಕುಳಿತು ಕಟ್ಟಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಆಗಬೋಟಿನ ಪ್ರಯಾಣಿಕರಲ್ಲಿ ಹೆಚ್ಚಿನವರು ಡೆಕ್ಕಿನವರೇ. ಮೇಲಿನ ವರ್ಗದ ಕೋಣೆಗಳು ಬೆರಳೆಣಿಕೆಯಷ್ಟು. ಉಳಿದವರಿಗೆಲ್ಲ ತೆರೆದ ಡೆಕ್ಕೇ ಗತಿ. ಚಾಪೆ ಹಾಸಿದ್ದಷ್ಟು ಜಾಗ, ಕಟ್ಟಿಕೊಂಡು ಬಂದದ್ದೇ ಊಟ. ಮುಂಬಯಿಯ ಗಿರಣಿ, ಹೋಟೆಲು, ಅಂಗಡಿಗಳಲ್ಲಿ ಕೆಲಸ ಹುಡುಕಿ ಹೊರಟವರು, ಸಿಲೋನಿನ ಚಹಾ ತೋಟಗಳಿಗೆ ಕೂಲಿಗೆ ಹೋದವರು, ರಂಗೂನಿಗೆ ವ್ಯಾಪಾರಕ್ಕೆ ಹೋದವರು ಹೀಗೆಯೇ ಸಮುದ್ರ ದಾಟಿದರು.

ಹಡಗು ಹತ್ತುವುದೇ ಒಂದು ಸಾಹಸ. ನಮ್ಮ ಹಳೆಯ ಬಂದರುಗಳಲ್ಲಿ ಹೆಚ್ಚಿನವು ಹೊಳೆಯ ಅಳಿವೆಯಲ್ಲಿದ್ದವು. ಅಳಿವೆಯ ಬಾಯಿಯಲ್ಲಿ ಹೂಳು ತುಂಬಿ ನೀರು ಆಳವಿರುವುದಿಲ್ಲ. ಮಂಗಳೂರಿನ ಹಳೆಯ ಬಂದರೂ ಅಂಥದ್ದೇ. ದೊಡ್ಡ ಹಡಗು ಧಕ್ಕೆಗೆ ಬರಲಾರದೆ ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಜನ ದೋಣಿ, ಮಚ್ವೆಗಳಲ್ಲಿ ಅಲ್ಲಿಗೆ ಹೋಗಿ, ತೂಗಾಡುವ ಏಣಿ ಹಿಡಿದು ಹತ್ತಬೇಕು. ತೂತ್ತುಕುಡಿಯಲ್ಲಂತೂ ಸಮುದ್ರ ಎಷ್ಟು ಆಳವಿಲ್ಲದ್ದೆಂದರೆ ಹಡಗುಗಳು ದಡದಿಂದ ಸುಮಾರು ಐದು ಮೈಲಿ ದೂರ ನಿಲ್ಲುತ್ತಿದ್ದವು.

ಈ ನಡುವಿನ ನೀರನ್ನು ಆಳಿದವು ಸ್ಟೀಮ್ ಲಾಂಚು ಮತ್ತು ಟಗ್ಗುಗಳು. ಟಗ್ಗು ನೋಡಲು ಗಿಡ್ಡ; ಆದರೆ ಅದರ ಹೊಟ್ಟೆಯ ತುಂಬ ಎಂಜಿನ್ನೇ. ಸ್ವಂತ ಶಕ್ತಿಯಿಲ್ಲದ ಸರಕು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುವುದು, ದೊಡ್ಡ ಹಡಗು ಇಕ್ಕಟ್ಟಿನಲ್ಲಿ ತಿರುಗುವಾಗ ಬದಿಯಿಂದ ತಳ್ಳುವುದು, ಕೆಟ್ಟು ನಿಂತ ಹಡಗನ್ನು ದಡಕ್ಕೆ ತರುವುದು ಅದರ ಕೆಲಸ. ಕಲ್ಕತ್ತೆಯ ಹೂಗ್ಲಿ ನದಿಯಲ್ಲಿ ಹಾಯಿ ಹಡಗುಗಳನ್ನು ಪ್ರವಾಹದ ಎದುರು ಎಳೆದು ತರುತ್ತಿದ್ದವೂ ಉಗಿ ಟಗ್ಗುಗಳೇ. ಅಂದರೆ ಹಡಗು ಕಂಪೆನಿ ನಡೆಸಬೇಕಾದರೆ ಹಡಗೊಂದಿದ್ದರೆ ಸಾಲದು. ಲಾಂಚು, ಸರಕು ದೋಣಿ, ಕಲ್ಲಿದ್ದಲಿನ ದಾಸ್ತಾನು, ಬಂದರಿನ ಅಧಿಕಾರಿಗಳ ಸಹಕಾರ ಎಲ್ಲವೂ ಬೇಕು. ಹೊಸಬರಿಗೆ ಹೊಡೆತ ಬೀಳುತ್ತಿದ್ದುದು ಇಲ್ಲಿಯೇ.

ನೀರಿಗೂ ಒಡೆಯರು

ಭಾರತದ ತೀರದಲ್ಲಿ ಉಗಿಹಡಗು ಎಂದರೆ ಬಹುಕಾಲ ಒಂದೇ ಹೆಸರು, ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿ. ಜನರ ಬಾಯಲ್ಲಿ 'ಬಿ.ಐ.' ವಿಲಿಯಂ ಮ್ಯಾಕಿನ್ನನ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿ 1856ರಲ್ಲಿ ಕಲ್ಕತ್ತೆ ಮತ್ತು ಬರ್ಮಾ ನಡುವೆ ಟಪಾಲು ಸಾಗಿಸುವ ಗುತ್ತಿಗೆಯೊಂದಿಗೆ ಆರಂಭಿಸಿದ ಕಂಪೆನಿ 1862ರಲ್ಲಿ ಈ ಹೆಸರು ಪಡೆಯಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅದರ ಹಡಗುಗಳು ನೂರನ್ನು ದಾಟಿದ್ದವು. 1914ರಲ್ಲಿ ಅದು ಪಿ. ಅಂಡ್ ಓ. ಕಂಪೆನಿಯೊಡನೆ ಕೂಡಿಕೊಂಡಿತು.

ಇಂಥ ಕಂಪೆನಿಗೆ ಎದುರಾಗಿ ನಿಲ್ಲುವುದು ಏಕೆ ಕಷ್ಟವಾಗಿತ್ತು? ಮೊದಲನೆಯದು, ಸರಕಾರದ ಟಪಾಲು ಗುತ್ತಿಗೆ. ಹಡಗು ತುಂಬಲಿ ಬಿಡಲಿ, ಟಪಾಲಿನ ಹಣ ಬರುತ್ತಿತ್ತು. ಎರಡನೆಯದು, 'ತಡೆಹಿಡಿದ ರಿಯಾಯಿತಿ' ಎಂಬ ಜಾಣ ಉಪಾಯ. ವ್ಯಾಪಾರಿ ಕೊಟ್ಟ ಬಾಡಿಗೆಯ ಒಂದು ಪಾಲನ್ನು ಹಿಂದಿರುಗಿಸುವುದಾಗಿ ಕಂಪೆನಿ ಹೇಳುತ್ತದೆ. ಆದರೆ ಕೂಡಲೇ ಕೊಡುವುದಿಲ್ಲ, ಕೆಲವು ತಿಂಗಳು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಈ ಅವಧಿಯಲ್ಲಿ ವ್ಯಾಪಾರಿ ಬೇರೆ ಕಂಪೆನಿಯ ಹಡಗಿನಲ್ಲಿ ಒಂದು ಮೂಟೆ ಕಳುಹಿಸಿದರೂ ರಿಯಾಯಿತಿ ಇಡಿಯಾಗಿ ಮುಳುಗಿತು. ಹೊಸ ಕಂಪೆನಿ ಎಷ್ಟೇ ಅಗ್ಗದ ದರ ಹೇಳಿದರೂ ವ್ಯಾಪಾರಿ ಹಿಂಜರಿಯುತ್ತಿದ್ದ. ಮೂರನೆಯದು, ದರ ಸಮರ. ಅದು ಕೊನೆಯ ಅಸ್ತ್ರ.

ಈ ಅಸ್ತ್ರದ ರುಚಿಯನ್ನು ಜೆಮ್‌ಶೆಟ್‌ಜಿ ಟಾಟಾ ಅವರೂ ಉಂಡರು. 1890ರ ದಶಕದಲ್ಲಿ ಜಪಾನಿನ ಕಂಪೆನಿಯೊಂದರ ಜೊತೆ ಸೇರಿ ಅವರು ಪೂರ್ವ ದೇಶಗಳಿಗೆ 'ಟಾಟಾ ಲೈನ್' ಆರಂಭಿಸಿದರು. ಟನ್ನಿಗೆ 19 ರೂಪಾಯಿ ಇದ್ದ ಬಾಡಿಗೆಯನ್ನು 12ಕ್ಕೆ ಇಳಿಸಿದರು. ಪಿ. ಅಂಡ್ ಓ. ಅದನ್ನು ಒಂದೂವರೆ ರೂಪಾಯಿಗೆ ಇಳಿಸಿತು. ಟಾಟಾ ಲೈನ್ ಮುಚ್ಚಿತು. ದರ ಮತ್ತೆ ಏರಿತು.

ಅದಕ್ಕೂ ಮುಂಚೆ, 1884ರ ಸುಮಾರಿಗೆ, ರವೀಂದ್ರರ ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ಬಂಗಾಳದ ನದಿಗಳಲ್ಲಿ ಇದೇ ಜೂಜಾಡಿದ್ದರು. ಹರಾಜಿನಲ್ಲಿ ಏಳು ಸಾವಿರ ರೂಪಾಯಿಗೆ ಒಂದು ಖಾಲಿ ಹಡಗಿನ ಒಡಲನ್ನು ಕೊಂಡು, ಅದಕ್ಕೆ ಎಂಜಿನ್ನು ಕೂಡಿಸಿ, ಖುಲ್ನಾ ಮತ್ತು ಬಾರಿಸಾಲ್ ನಡುವೆ ಓಡಿಸಿದರು. ಎದುರಾಳಿ ಒಂದು ಇಂಗ್ಲಿಷ್ ಕಂಪೆನಿ. ಇಬ್ಬರೂ ದರ ಇಳಿಸುತ್ತ ಹೋದರು. ಕೊನೆಗೆ ಜ್ಯೋತಿರಿಂದ್ರರ ಹಡಗಿನಲ್ಲಿ ಪ್ರಯಾಣಿಕರಿಗೆ ಟಿಕೆಟ್ಟು ಬೇಡವಾಯಿತು, ಮೇಲೆ ಉಪಾಹಾರವೂ ಸಿಕ್ಕಿತು. ಹಡಗು ತುಂಬಿದಷ್ಟೂ ನಷ್ಟ. ಅವರ 'ಸ್ವದೇಶಿ' ಎಂಬ ಹಡಗು ಹೌರಾ ಸೇತುವೆಗೆ ತಾಗಿ ಮುಳುಗಿದ ಮೇಲೆ ಸಾಹಸ ಮುಗಿಯಿತು. ಆದರೆ ಈ ಪೈಪೋಟಿಯಿಂದ ದೇಶಕ್ಕೆ ಲಾಭವೂ ಆಯಿತೆಂದು ತಮ್ಮ ರವೀಂದ್ರರು ಮುಂದೆ ಪ್ರೀತಿಯಿಂದಲೇ ಬರೆದರು.

ತೂತ್ತುಕುಡಿಯ ವಕೀಲ

ಈ ಕಥೆಗಳನ್ನೆಲ್ಲ ಮೀರಿಸಿದ್ದು ತೂತ್ತುಕುಡಿಯಲ್ಲಿ ನಡೆಯಿತು. ಅಲ್ಲಿಂದ ಕೊಲಂಬೊ ಒಂದು ರಾತ್ರಿಯ ಪಯಣ. ಪಾಂಬನ್ ರೈಲು ಸೇತುವೆ ಇನ್ನೂ ಇರಲಿಲ್ಲವಾದ್ದರಿಂದ ದಕ್ಷಿಣ ಭಾರತದಿಂದ ಸಿಲೋನಿಗೆ ಹೋಗುವ ಮುಖ್ಯ ದಾರಿಯೇ ಇದು. ತೋಟದ ಕೂಲಿಗಳು, ವ್ಯಾಪಾರಿಗಳು, ಸರಕು ಎಲ್ಲವೂ ಬಿ.ಐ. ಹಡಗಿನ ಪಾಲು.

ಆ ಊರಿನ ವಕೀಲ ವಿ.ಒ. ಚಿದಂಬರಂ ಪಿಳ್ಳೈ. 1872ರಲ್ಲಿ ಒಟ್ಟಪಿಡಾರದಲ್ಲಿ ಹುಟ್ಟಿದ ಅವರು ಬಾಲಗಂಗಾಧರ ತಿಲಕರ ಅನುಯಾಯಿ. 1905ರ ಬಂಗಾಳ ವಿಭಜನೆಯ ನಂತರ ಎದ್ದ ಸ್ವದೇಶಿ ಚಳವಳಿಯಲ್ಲಿ ಎಲ್ಲೆಡೆ ಸ್ವದೇಶಿ ಬಟ್ಟೆ, ಸ್ವದೇಶಿ ಬೆಂಕಿಕಡ್ಡಿಯ ಮಾತು ನಡೆಯುತ್ತಿತ್ತು. ಚಿದಂಬರಂ ಪಿಳ್ಳೈ ಸ್ವದೇಶಿ ಹಡಗಿನ ಮಾತಾಡಿದರು. 1906ರ ಅಕ್ಟೋಬರ್ 16ರಂದು ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪೆನಿ ನೋಂದಣಿಯಾಯಿತು. ಬಂಡವಾಳ 10 ಲಕ್ಷ ರೂಪಾಯಿ. ತಲಾ 25 ರೂಪಾಯಿಯ 40,000 ಷೇರುಗಳು. ಮದುರೆಯ ತಮಿಳು ಸಂಘದ ಪಾಂಡಿತ್ತುರೈ ತೇವರ್ ಅಧ್ಯಕ್ಷರು.

ಷೇರಿನ ಬೆಲೆಯನ್ನು ಗಮನಿಸಬೇಕು. 25 ರೂಪಾಯಿ ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಆದರೆ ಸಣ್ಣ ವ್ಯಾಪಾರಿಯೊಬ್ಬ ಮನಸ್ಸು ಮಾಡಿದರೆ ಕೊಡಬಹುದಾದದ್ದು. ಕಂಪೆನಿ ಕೆಲವೇ ಸಾಹುಕಾರರದ್ದಾಗದೆ ಊರವರದ್ದಾಗಬೇಕೆಂಬ ಆಸೆ ಆ ಲೆಕ್ಕದಲ್ಲಿದೆ.

ಮೊದಲಿಗೆ ಸ್ವಂತ ಹಡಗು ಇರಲಿಲ್ಲ. ಷಾ ಎಂಬ ಕಂಪೆನಿಯಿಂದ ಹಡಗು ಬಾಡಿಗೆಗೆ ತಂದರು. ಬಿ.ಐ. ಒತ್ತಡ ಹಾಕಿತು, ಹಡಗು ಹಿಂದಕ್ಕೆ ಹೋಯಿತು. ಚಿದಂಬರಂ ಪಿಳ್ಳೈ ಸಿಲೋನಿನಿಂದ ಇನ್ನೊಂದನ್ನು ಬಾಡಿಗೆಗೆ ತಂದರು. ಬಾಡಿಗೆ ಹಡಗನ್ನು ನಂಬಿ ನಡೆಯುವಂತಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಸ್ವಂತ ಹಡಗು ಕೊಳ್ಳಲು ಮುಂಬಯಿಗೆ ಹೊರಟ ಅವರು, ಬಂದರೆ ಹಡಗಿನೊಂದಿಗೇ ಬರುತ್ತೇನೆ, ಇಲ್ಲವಾದರೆ ಸಮುದ್ರಕ್ಕೆ ಹಾರುತ್ತೇನೆ ಎಂದು ಶಪಥ ಮಾಡಿದರೆಂಬ ಮಾತು ತಮಿಳುನಾಡಿನಲ್ಲಿ ಮನೆಮಾತು. ತಿಲಕರು ನೆರವಾದರು. 1907ರ ಮೇ ತಿಂಗಳಿನ ಹೊತ್ತಿಗೆ 'ಗಾಲಿಯಾ' ಮತ್ತು 'ಲಾವೋ' ಎಂಬ ಎರಡು ಹಡಗುಗಳು ತೂತ್ತುಕುಡಿಗೆ ಬಂದವು. ಗಾಲಿಯಾದಲ್ಲಿ ಮೊದಲ ದರ್ಜೆಗೆ 42, ಎರಡನೆಯ ದರ್ಜೆಗೆ 24 ಜಾಗ. ಸಾಮಾನ್ಯ ಪ್ರಯಾಣಿಕರು 1,300 ಮಂದಿ.

ಕೊಡೆಯ ಲೆಕ್ಕಾಚಾರ

ಜನ ಸ್ವದೇಶಿ ಹಡಗಿನತ್ತ ನುಗ್ಗಿದರು. ಬಿ.ಐ. ದರ ಇಳಿಸಿ ತಲೆಗೆ ಒಂದು ರೂಪಾಯಿ, ಅಂದರೆ 16 ಆಣೆ ಮಾಡಿತು. ಸ್ವದೇಶಿ ಕಂಪೆನಿ ಎಂಟಾಣೆಗೆ ಇಳಿಯಿತು. ಆಗ ಬಂದದ್ದು ಪುಕ್ಕಟೆ ಟಿಕೆಟ್ಟು ಮತ್ತು ಕೊಡೆ.

ಇಲ್ಲಿ ಒಂದು ಸರಳ ಲೆಕ್ಕ ಹಾಕಬಹುದು. 1,300 ಮಂದಿ ಡೆಕ್ಕಿನ ಪ್ರಯಾಣಿಕರು ಒಬ್ಬರೂ ಬಿಡದಂತೆ ತುಂಬಿದರೂ ಎಂಟಾಣೆಯಂತೆ ಒಂದು ಸಲಕ್ಕೆ ಬರುವುದು 650 ರೂಪಾಯಿ. ಅದರಲ್ಲೇ ಕಲ್ಲಿದ್ದಲು, ಖಲಾಸಿಗಳ ಸಂಬಳ, ಬಂದರು ಶುಲ್ಕ, ದುರಸ್ತಿ ಎಲ್ಲ ಆಗಬೇಕು. ಬಸ್ಸು ಖಾಲಿಯಿದ್ದರೆ ಓಡಿಸದೆ ನಿಲ್ಲಿಸಬಹುದು. ಆದರೆ ವೇಳಾಪಟ್ಟಿ ಹಾಕಿದ ಹಡಗು ಖಾಲಿಯಿದ್ದರೂ ಹೊರಡಲೇಬೇಕು. ಬಾಯ್ಲರಿಗೆ ಸುರಿಯುವ ಕಲ್ಲಿದ್ದಲು ಹತ್ತು ಜನರಿದ್ದರೂ ಅಷ್ಟೇ, ಸಾವಿರ ಜನರಿದ್ದರೂ ಅಷ್ಟೇ. ನೂರು ಹಡಗುಗಳ ಕಂಪೆನಿ ಒಂದು ದಾರಿಯಲ್ಲಿ ಕಳೆದುಕೊಂಡದ್ದನ್ನು ರಂಗೂನಿನಲ್ಲೋ ಪರ್ಷಿಯನ್ ಕೊಲ್ಲಿಯಲ್ಲೋ ತುಂಬಿಕೊಳ್ಳುತ್ತದೆ. ಎರಡೇ ಹಡಗುಗಳ ಕಂಪೆನಿಗೆ ಆ ದಾರಿಯೊಂದೇ ಜೀವ. ಕೊಡೆ ಕೊಟ್ಟವರು ಪ್ರಯಾಣಿಕನನ್ನು ಮಳೆಯಿಂದ ಕಾಪಾಡಲು ಕೊಡಲಿಲ್ಲ. ಎದುರಾಳಿ ಎಷ್ಟು ದಿನ ಉಸಿರು ಹಿಡಿದಾನು ಎಂದು ನೋಡಲು ಕೊಟ್ಟರು.

ಪ್ರಯಾಣಿಕನನ್ನು ದೂರುವಂತಿಲ್ಲ. ಕೂಲಿಗೆ ಹೊರಟವನಿಗೆ ಎಂಟಾಣೆ ದೊಡ್ಡದೇ. ದೇಶಾಭಿಮಾನ ಅವನನ್ನು ಒಮ್ಮೆ ಸ್ವದೇಶಿ ಹಡಗಿಗೆ ಕರೆತಂದೀತು, ಎರಡು ಸಲ ಕರೆತಂದೀತು. ಪ್ರತಿ ಸಲವೂ ಪುಕ್ಕಟೆ ಟಿಕೆಟ್ಟಿನ ಎದುರು ಅದು ನಿಲ್ಲಬೇಕೆಂದರೆ ಹೊಟ್ಟೆ ಕೇಳಬೇಕಲ್ಲ. ಸ್ವದೇಶಿ ಹಡಗುಗಳು ಹೆಚ್ಚುಕಡಿಮೆ ಖಾಲಿ ಓಡತೊಡಗಿದವು. ಬಿ.ಐ. ಕಂಪೆನಿಯನ್ನೇ ಕೊಂಡುಕೊಳ್ಳುವ ಮಾತೂ ಬಂತು. ಚಿದಂಬರಂ ಪಿಳ್ಳೈ ಒಪ್ಪಲಿಲ್ಲ. ಅಧಿಕಾರಿಗಳು ಬಿ.ಐ. ಪರವಾಗಿ ನಿಂತು ಸ್ವದೇಶಿ ಹಡಗಿಗೆ ಅಡ್ಡಿ ಮಾಡುತ್ತಾರೆಂಬ ದೂರುಗಳೂ ಎದ್ದವು.

ಆಮೇಲಿನದು ರಾಜಕೀಯ. 1908ರ ಫೆಬ್ರವರಿ ಕೊನೆಯಲ್ಲಿ ತೂತ್ತುಕುಡಿಯ ಕೋರಲ್ ಗಿರಣಿಯ ಕಾರ್ಮಿಕರು ಕೂಲಿ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಚಿದಂಬರಂ ಪಿಳ್ಳೈ, ಸುಬ್ರಹ್ಮಣ್ಯ ಶಿವ ಅವರ ಬೆನ್ನಿಗೆ ನಿಂತರು. ಮುಷ್ಕರ ಗೆದ್ದಿತು. ಮಾರ್ಚ್ 12ರಂದು ಇಬ್ಬರನ್ನೂ ಬಂಧಿಸಲಾಯಿತು. ಮರುದಿನ ತಿರುನೆಲ್ವೇಲಿಯಲ್ಲಿ ಗಲಭೆಯೆದ್ದು ಗೋಲಿಬಾರಿಗೆ ನಾಲ್ವರು ಬಲಿಯಾದರು. ರಾಜದ್ರೋಹದ ಮೊಕದ್ದಮೆಯಲ್ಲಿ ಚಿದಂಬರಂ ಪಿಳ್ಳೈಗೆ ಎರಡು ಜೀವಾವಧಿ ಶಿಕ್ಷೆ, ಅಂದರೆ 40 ವರ್ಷ. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಕೊಯಮತ್ತೂರು ಮತ್ತು ಕಣ್ಣೂರಿನ ಜೈಲುಗಳಲ್ಲಿ ಅವರು ಕಠಿಣ ಶಿಕ್ಷೆ ಅನುಭವಿಸಿದರು. ಗಾಣಕ್ಕೆ ಎತ್ತಿನ ಬದಲು ಅವರನ್ನು ಹೂಡಲಾಯಿತು.

ಮುಂದಾಳು ಜೈಲಿನಲ್ಲಿ, ಹಡಗು ಸಾಲದಲ್ಲಿ. 1911ರಲ್ಲಿ ಕಂಪೆನಿ ಮುಚ್ಚಿತು. ಅದರ ಹಡಗುಗಳು ಹರಾಜಿನಲ್ಲಿ ಎದುರಾಳಿಗಳ ಕೈಸೇರಿದವು. 1912ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಹೊರಬಂದಾಗ ಚಿದಂಬರಂ ಪಿಳ್ಳೈಗೆ ಕಂಪೆನಿಯೂ ಇರಲಿಲ್ಲ, ವಕೀಲಿಯ ಸನ್ನದೂ ಇರಲಿಲ್ಲ. ಸಣ್ಣಪುಟ್ಟ ವ್ಯಾಪಾರ ಮಾಡಿ ಬದುಕಿದರು. ಮುಂದೆ ಸನ್ನದು ಮರಳಿ ಸಿಗಲು ನೆರವಾದ ವ್ಯಾಲೇಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ನೆನಪಿಗೆ ತಮ್ಮ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. ತೀರಿಕೊಂಡದ್ದು 1936ರಲ್ಲಿ.

ತೂತ್ತುಕುಡಿಯ ದಾರಿಗೂ ಬೇಗನೆ ಮಹತ್ವ ತಗ್ಗಿತು. 1914ರಲ್ಲಿ ಪಾಂಬನ್ ಸೇತುವೆ ತೆರೆದು, ಧನುಷ್ಕೋಡಿಯವರೆಗೆ ರೈಲು, ಅಲ್ಲಿಂದ ಸಿಲೋನಿನ ತಲೈಮನ್ನಾರಿಗೆ ಹಡಗು ಎಂಬ ಹೊಸ ಏರ್ಪಾಟು ಬಂತು. ಅಷ್ಟು ಕಾದಾಡಿದ ಜಲಮಾರ್ಗವನ್ನು ಬಿಟ್ಟು ಜನ ರೈಲಿನತ್ತ ತಿರುಗಿದರು.

ಸೋಲಿನಿಂದ ಕಲಿತದ್ದು

ಸ್ವದೇಶಿ ಕಂಪೆನಿಯ ಪಾಠ ವ್ಯರ್ಥವಾಗಲಿಲ್ಲ. 1919ರಲ್ಲಿ ವಾಲ್‌ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ ಮೊದಲಾದವರು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿ ಕಟ್ಟಿದಾಗ ಅವರಿಗೆ ಬೇಕಾದ ದೊಡ್ಡ ಬಂಡವಾಳವಿತ್ತು. ಗ್ವಾಲಿಯರಿನ ಮಹಾರಾಜರಿಂದ ಕೊಂಡ 'ಲಾಯಲ್ಟಿ' ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಪ್ರತಿವರ್ಷ ಏಪ್ರಿಲ್ 5ನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುವುದು ಇದೇ ನೆನಪಿಗೆ. ಸಿಂಧಿಯಾದ ಮೇಲೂ ದರ ಸಮರ ನಡೆಯಿತು. ಆದರೆ ಅದು ಮುಳುಗಲಿಲ್ಲ. 1923ರಲ್ಲಿ ಬಿ.ಐ. ಜೊತೆ ಒಪ್ಪಂದ ಮಾಡಿಕೊಂಡು, ತನ್ನ ಬೆಳವಣಿಗೆಗೆ ಮಿತಿ ಹಾಕಿಕೊಳ್ಳಲು ಒಪ್ಪಿ, ಉಸಿರು ಉಳಿಸಿಕೊಂಡಿತು.

ಇದರೊಂದಿಗೆ ಹೋರಾಟ ಶಾಸನಸಭೆಗೂ ಹೋಯಿತು. 1928ರಲ್ಲಿ ಸರಾಭಾಯಿ ನೇಮಚಂದ್ ಹಾಜಿ ಅವರು ಕರಾವಳಿಯ ಸಾಗಾಟವನ್ನು ಭಾರತೀಯ ಹಡಗುಗಳಿಗೇ ಮೀಸಲಿಡಬೇಕೆಂಬ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು. ತಡೆಹಿಡಿದ ರಿಯಾಯಿತಿಯನ್ನು ನಿಷೇಧಿಸುವ ಇನ್ನೊಂದು ಮಸೂದೆಯೂ ಅವರದೇ. ಎರಡೂ ಆಗ ಕಾನೂನಾಗಲಿಲ್ಲ. ಕರಾವಳಿ ಸಾಗಾಟ ಭಾರತೀಯ ಹಡಗುಗಳಿಗೆ ಮೀಸಲಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದ ಆರಂಭದಲ್ಲಿ.

ಪಶ್ಚಿಮ ತೀರದಲ್ಲೂ ಇಂಥದೇ ಒಂದು ಪ್ರಯತ್ನ ನಡೆಯಿತು. ಇಂಡಿಯನ್ ಕೋಆಪರೇಟಿವ್ ಸ್ಟೀಮ್ ನ್ಯಾವಿಗೇಷನ್ ಕಂಪೆನಿ ಎಂಬ ಉದ್ದ ಹೆಸರಿನ ಸಂಸ್ಥೆಯನ್ನು ಕೊಂಕಣದ ಜನ 'ಮಾಝಿ ಆಗಬೋಟ್ ಕಂಪೆನಿ', ಅಂದರೆ 'ನನ್ನ ಆಗಬೋಟು ಕಂಪೆನಿ' ಎಂದೇ ಕರೆದರು. ಅದರ ಹಡಗುಗಳಿಗೆ ತುಕಾರಾಮ್, ರಾಮದಾಸ್, ಸೇಂಟ್ ಆಂಟನಿ ಎಂದು ಸಂತರ ಹೆಸರು. ಹಡಗು ಹತ್ತುವಾಗ ದೇವರನ್ನು ನೆನೆಯುವ ಜನರಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇರೆ ಯಾವುದು?

ಟಿಕೆಟ್ಟಿನಲ್ಲಿ ಕಾಣದ ಬಾಬತ್ತುಗಳು

ಹಡಗು ನಮ್ಮದಾದರೆ ಎಲ್ಲವೂ ಸರಿಯಾಯಿತೇ? ಇಲ್ಲಿ ಕಥೆ ಇನ್ನೊಂದು ತಿರುವು ಪಡೆಯುತ್ತದೆ.

ಹಡಗಿನ ಟಿಕೆಟ್ಟಿನಲ್ಲಿ ಪ್ರಯಾಣಿಕನ ಕಣ್ಣಿಗೆ ಬೀಳದ ಖರ್ಚುಗಳಿರುತ್ತವೆ. ಜೀವರಕ್ಷಕ ದೋಣಿ, ತೇಲುವ ನಡುಪಟ್ಟಿ, ಬಾಯ್ಲರಿನ ತಪಾಸಣೆ, ನಿಸ್ತಂತು ಯಂತ್ರ. ಹಡಗು ಸುಖವಾಗಿ ತಲುಪಿದ ದಿನ ಇವೆಲ್ಲ ದಂಡದ ಖರ್ಚಿನಂತೆ ಕಾಣುತ್ತವೆ. 1888ರ ನವೆಂಬರಿನಲ್ಲಿ 'ವೈತರಣಾ' ಎಂಬ ಆಗಬೋಟು ಕಛ್‌ನ ಮಾಂಡ್ವಿಯಿಂದ ಮುಂಬಯಿಗೆ ಹೊರಟು ಸೌರಾಷ್ಟ್ರದ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಕಣ್ಮರೆಯಾಯಿತು. ವಿದ್ಯುದ್ದೀಪಗಳಿದ್ದ ಕಾರಣ ಜನ ಅದನ್ನು 'ವಿಜಳಿ' ಎಂದು ಕರೆಯುತ್ತಿದ್ದರು. ಏಳುನೂರಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರೆಂಬುದು ಪ್ರಚಲಿತ ಲೆಕ್ಕ. ಒಬ್ಬರೂ ಬದುಕಲಿಲ್ಲ. ಗುಜರಾತಿನ ಜನಪದರು ಅದರ ಮೇಲೆ ಹಾಡು ಕಟ್ಟಿದರು. ಆಮೇಲಿನ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ, ಜೀವರಕ್ಷಕ ಸಲಕರಣೆಗಳು ಸಾಕಷ್ಟಿರಲಿಲ್ಲ ಎಂಬುದು.

1927ರ ನವೆಂಬರ್ 11ರಂದು ಒಂದೇ ದಿನ 'ಜಯಂತಿ' ಮತ್ತು 'ತುಕಾರಾಮ್' ಆಗಬೋಟುಗಳು ಮುಳುಗಿದವು. ಕೊನೆಗೆ 1947ರ ಜುಲೈ 17 ಬಂತು. ಸ್ವಾತಂತ್ರ್ಯಕ್ಕೆ ಇನ್ನು 29 ದಿನ. 1936ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ 'ರಾಮದಾಸ್' ಮುಂಬಯಿಯ ಭಾವೂಚಾ ಧಕ್ಕೆಯಿಂದ ಎದುರು ದಡದ ರೇವಸಕ್ಕೆ ಬೆಳಗ್ಗೆ ಎಂಟರ ಸುಮಾರಿಗೆ ಹೊರಟಿತು. ಕೊಲ್ಲಿಯೊಳಗಿನ ಸಣ್ಣ ದೂರವಾದ್ದರಿಂದ ಈ ದಾರಿಯ ಬೋಟು ಮಳೆಗಾಲದಲ್ಲೂ ಓಡುತ್ತಿತ್ತು. ಆಷಾಢದ ಅಮಾವಾಸ್ಯೆಯ ಹೊತ್ತು, ಊರಿಗೆ ಹೊರಟವರೇ ಹೆಚ್ಚು. ಹಡಗಿನಲ್ಲಿ 700ಕ್ಕೂ ಮಿಕ್ಕಿ ಜನ. ಗಲ್ ದ್ವೀಪದ ಬಳಿ ಮಳೆ ಗಾಳಿಯ ನಡುವೆ ದೊಡ್ಡ ಅಲೆಯೊಂದು ಬಡಿಯಿತು. ಹೆದರಿದ ಜನ ಒಂದೇ ಬದಿಗೆ ಓಡಿದರು. ಕರಾವಳಿಯ ಬೋಟುಗಳು ಆಳವಿಲ್ಲದ ನೀರಿನಲ್ಲಿ ಹೋಗಬೇಕಾದ್ದರಿಂದ ಅವುಗಳ ತಳ ನೀರಿನೊಳಗೆ ಹೆಚ್ಚು ಇಳಿದಿರುವುದಿಲ್ಲ. ಜನರ ಭಾರವೆಲ್ಲ ಮೇಲಿನ ಡೆಕ್ಕಿನಲ್ಲಿ. ಆ ಭಾರ ಒಮ್ಮೆಲೇ ಒಂದು ಕಡೆಗೆ ಸರಿದರೆ ಹಡಗು ಮತ್ತೆ ನೆಟ್ಟಗಾಗಲಾರದು. ಹೊರಟ ಅರ್ಧ ಗಂಟೆಯಲ್ಲಿ ರಾಮದಾಸ್ ಮಗುಚಿತು. 600ಕ್ಕೂ ಹೆಚ್ಚು ಮಂದಿ ಸತ್ತರು.

ಹಡಗಿನಲ್ಲಿ ನಿಸ್ತಂತು ಇರಲಿಲ್ಲ. ಮುಂಬಯಿಯ ಬಂದರಿನಲ್ಲಿ ಅಂದು ಟಗ್ಗು, ಲಾಂಚುಗಳಿಗೆ ಕೊರತೆಯಿರಲಿಲ್ಲ. ಅವಕ್ಕೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ಟೈಟಾನಿಕ್ ಮುಳುಗಿ 35 ವರ್ಷವಾಗಿತ್ತು, ನಡುಸಮುದ್ರದ ಹಡಗಿಗೆ ನಿಸ್ತಂತು ಎಷ್ಟು ಮುಖ್ಯವೆಂಬುದು ಜಗತ್ತಿಗೆಲ್ಲ ತಿಳಿದಿತ್ತು. ಆದರೆ ದೇಶದ ಅತಿ ದೊಡ್ಡ ಬಂದರಿನ ಮಗ್ಗುಲಲ್ಲೇ ಹಡಗು ಮುಳುಗಿದ ಸುದ್ದಿ ಊರಿಗೆ ತಿಳಿದದ್ದು ಸಂಜೆಯ ಹೊತ್ತಿಗೆ, ಈಜಿ ದಡ ಸೇರಿದವರ ಬಾಯಿಂದ. ಅಷ್ಟರವರೆಗೆ ನೀರಿನಲ್ಲಿದ್ದವರನ್ನು ಎತ್ತಿಕೊಂಡವರು ಮೀನು ಮಾರಲು ಮುಂಬಯಿಗೆ ಹೊರಟಿದ್ದ ರೇವಸದ ಕೋಳಿ ಮೀನುಗಾರರು. ದೋಣಿಯಲ್ಲಿದ್ದ ಮೀನನ್ನೆಲ್ಲ ಸಮುದ್ರಕ್ಕೆ ಚೆಲ್ಲಿ, ಆ ಜಾಗದಲ್ಲಿ ಮನುಷ್ಯರನ್ನು ತುಂಬಿಕೊಂಡರು.

ತೂತ್ತುಕುಡಿ ಮತ್ತು ರೇವಸದ ಕಥೆಗಳನ್ನು ಒಟ್ಟಿಗೆ ಓದಿದಾಗ ಒಂದು ಮಾತು ಹೊಳೆಯುತ್ತದೆ. ದಾರಿ ಯಾರದು ಎಂಬ ಪ್ರಶ್ನೆಗೆ ಸ್ವದೇಶಿಯವರು ಉತ್ತರ ಕೊಟ್ಟರು, ಅದಕ್ಕಾಗಿ ಜೈಲಿಗೂ ಹೋದರು. ಆ ದಾರಿಯಲ್ಲಿ ಹೋಗುವ ಡೆಕ್ಕಿನ ಪ್ರಯಾಣಿಕನ ಜೀವದ ಹೊಣೆ ಯಾರದು ಎಂಬ ಪ್ರಶ್ನೆ ಮಾತ್ರ ಒಡೆಯ ಬದಲಾದರೂ ಹಾಗೇ ಉಳಿದಿತ್ತು.

ಉಳಿದ ನೆನಪು

ಹೊಳೆಗಳಿಗೆ ಸೇತುವೆ ಬಂತು, ಬಸ್ಸು ಬಂತು. ಮುಂಬಯಿಯಿಂದ ಗೋವೆಯ ಕಡೆಗೆ ಓಡುತ್ತಿದ್ದ ಬೋಟುಗಳೂ 1980ರ ದಶಕದ ಕೊನೆಯ ಹೊತ್ತಿಗೆ ನಿಂತವು. ಮಂಗಳೂರಿನಲ್ಲಿ 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ತಲೆಯೆತ್ತಿತು. ಅಲ್ಲಿ ದೊಡ್ಡ ಹಡಗುಗಳು ಧಕ್ಕೆಗೇ ಬಂದು ನಿಲ್ಲುತ್ತವೆ, ಟಗ್ಗುಗಳು ಇಂದಿಗೂ ಅವುಗಳನ್ನು ತಳ್ಳುತ್ತವೆ. ಧನುಷ್ಕೋಡಿಯ ದಾರಿಯನ್ನು 1964ರ ಡಿಸೆಂಬರಿನ ಚಂಡಮಾರುತ ಅಳಿಸಿಹಾಕಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಶ್ರೀಲಂಕಾದ ಕಾಂಕೇಸನ್‌ತುರೈಗೆ ಪ್ರಯಾಣಿಕರ ಹಡಗು ಉದ್ಘಾಟನೆಯಾದಾಗ ಹಳೆಯ ಕೊಲಂಬೊ ದಾರಿಯನ್ನು ನೆನೆದವರು ಕಡಿಮೆ.

ಚಿದಂಬರಂ ಪಿಳ್ಳೈ ಅವರನ್ನು ತಮಿಳರು 'ಕಪ್ಪಲೋಟ್ಟಿಯ ತಮಿಳನ್', ಅಂದರೆ ಹಡಗು ಓಡಿಸಿದ ತಮಿಳ ಎಂದು ಕರೆದರು. ಅದೇ ಹೆಸರಿನ ಚಿತ್ರದಲ್ಲಿ ಶಿವಾಜಿ ಗಣೇಶನ್ ಅವರಾಗಿ ನಟಿಸಿದರು. 1961ರ ಆ ಚಿತ್ರವನ್ನು ನಿರ್ದೇಶಿಸಿದವರು ಕನ್ನಡಿಗರಿಗೆ ಚಿರಪರಿಚಿತರಾದ ಬಿ.ಆರ್. ಪಂತುಲು, ಅದೇ ವರ್ಷ ಅವರ 'ಕಿತ್ತೂರು ಚೆನ್ನಮ್ಮ' ಕೂಡ ತೆರೆಗೆ ಬಂತು. 2011ರಲ್ಲಿ ತೂತ್ತುಕುಡಿಯ ಬಂದರಿಗೇ ಚಿದಂಬರನಾರ್ ಹೆಸರನ್ನಿಟ್ಟರು. ಅವರ ಹಡಗುಗಳು ದಡದಿಂದ ಮೈಲುಗಟ್ಟಲೆ ಆಚೆ ನಿಂತು ಪ್ರಯಾಣಿಕರಿಗಾಗಿ ಕಾದಿದ್ದ ಊರಿನಲ್ಲಿ ಈಗ ಬರುವ ಪ್ರತಿ ಹಡಗೂ ಅವರ ಹೆಸರಿನ ಧಕ್ಕೆಗೆ ಹಗ್ಗ ಕಟ್ಟುತ್ತದೆ.

ಪುಕ್ಕಟೆ ಕೊಡೆ ಹಿಡಿದು ಕೊಲಂಬೊದಲ್ಲಿ ಇಳಿದ ಕೂಲಿಯಾಳುಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರು ಅಂದು ಎಂಟಾಣೆ ಉಳಿಸಿದರು. ಎದುರಾಳಿ ಇಲ್ಲವಾದ ಮೇಲೆ ಟಿಕೆಟ್ಟಿಗೆ ಎಷ್ಟು ಎಂದು ಹೇಳುವ ಅಧಿಕಾರ ಮತ್ತೆ ಒಬ್ಬರ ಕೈಗೇ ಹೋಯಿತು. ಅಗ್ಗದ ದರದ ಜಾಹೀರಾತು ಕಂಡಾಗಲೆಲ್ಲ ಈ ದರ ಎಷ್ಟು ದಿನ, ಇದರಲ್ಲಿ ಯಾವ ಖರ್ಚನ್ನು ಬಿಡಲಾಗಿದೆ ಎಂದು ಕೇಳುವುದು ಒಳ್ಳೆಯದು. ಕರಾವಳಿಯ ಆಗಬೋಟುಗಳು ಹೊಗೆಯೊಂದಿಗೆ ಮರೆಯಾದರೂ ಬಿಟ್ಟುಹೋದ ಪ್ರಶ್ನೆಗಳು ಇವು.